ಕಾಫಿ ಬಿಟ್ಟ ಹನ್ನೊಂದು ದಿನ

ಸಂಚಿಕೆಗೆ ಇತಿಹಾಸದ ಲೇಖನ ಕೊಡಿ ಅಂತ ಸಂಪಾದಕರು ಪ್ರತಿ ವರ್ಷ ಕೇಳುತ್ತಾರೆ. ನಾನೂ ನಮ್ಮ ಕಡೆಯ ಕೋಟೆ, ಕೆರೆ, ವೀರಗಲ್ಲು ಅಂತ ಏನಾದರೊಂದು ಹಿಡಿದುಕೊಂಡು ಕೂರುತ್ತೇನೆ. ಈ ಸಲದ ವಿಷಯ ಮಾತ್ರ ಹುಟ್ಟಿದ್ದು ಶಾರ್ಜಾದ ಒಂದು ಕ್ಲಿನಿಕ್ಕಿನಲ್ಲಿ. ಬಿ.ಪಿ. ನೋಡಿದ ಡಾಕ್ಟರು ಪಟ್ಟಿ ಬಿಚ್ಚಿ, ಮತ್ತೊಮ್ಮೆ ಕಟ್ಟಿ, ಮತ್ತೊಮ್ಮೆ ನೋಡಿದರು. ನಿದ್ದೆ ಹೇಗಿದೆ, ಎದೆಯುರಿ ಇದೆಯಾ, ಉಪ್ಪಿನಕಾಯಿ ತಿಂತೀರಾ ಅಂತೆಲ್ಲ ಕೇಳಿ ಕೊನೆಗೆ ಕಾಫಿಯ ಲೆಕ್ಕಕ್ಕೆ ಬಂದರು. ಬೆರಳು ಮಡಚಿ ಎಣಿಸಿದೆ. ಬೆಳಿಗ್ಗೆ ಎರಡು, ಸ್ಟೋರಿನಲ್ಲಿ ಮೂರು, ರಾತ್ರಿ ಊಟ ಆದಮೇಲೆ ಒಂದು. ಒಟ್ಟು ಆರು. "ಎರಡು ವಾರ ಪೂರ್ತಿ ನಿಲ್ಲಿಸಿ. ಆಮೇಲೆ ಬನ್ನಿ, ನೋಡೋಣ" ಅಂದರು.

ಹೊರಗೆ ಬಂದು ಟ್ಯಾಕ್ಸಿಗೆ ಚಿಲ್ಲರೆ ತೆಗೆದರೆ ಕೈಗೆ ಸಿಕ್ಕಿದ್ದು ಒಂದು ದಿರ್ಹಮ್ ನಾಣ್ಯ. ಅದರ ಮೇಲೆ ಏನಿದೆ ಅಂತ ಇಲ್ಲಿರುವ ನಿಮಗೆಲ್ಲ ಗೊತ್ತು: ದಲ್ಲಾ, ಅಂದರೆ ಕಾಫಿ ಕುದಿಸುವ ಕೊಕ್ಕಿನ ಪಾತ್ರೆ. ನಾಣ್ಯದ ಮೇಲೆ ಕಾಫಿ ಪಾತ್ರೆ ಅಚ್ಚು ಹಾಕಿರುವ ದೇಶದಲ್ಲಿ, ಮೂಡಿಗೆರೆ ಕಡೆಯವನು ನಾನು ಕಾಫಿ ಬಿಡಬೇಕು. ನಗು ಬಂತು. ಆ ನಗು ಮಾರನೇ ದಿನದವರೆಗೆ ಮಾತ್ರ ಉಳಿಯಿತು.

ನಮ್ಮ ರೂಮಿನ ವಿಷಯ ಸ್ವಲ್ಪ ಹೇಳಬೇಕು. ನಾವು ಆರು ಜನ. ಎಲ್ಲರಿಗಿಂತ ಹಳಬ ನಾನು, ಹತ್ತೊಂಬತ್ತು ವರ್ಷದಿಂದ ಸ್ಟೋರ್ ಕೀಪರ್. ಪುತ್ತೂರಿನವರೊಬ್ಬರು ಡ್ರೈವರು, ಹಾಸನದವನು ಎಲೆಕ್ಟ್ರಿಷಿಯನ್, ವಿಜಯಪುರದ ಇಬ್ಬರು ಗಾರೆ ಕೆಲಸದವರು, ರಾಯಚೂರಿನ ಕಡೆಯ ಒಬ್ಬ ಹುಡುಗ ಹೆಲ್ಪರು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನ ಕೆಲಸ ನಿಷೇಧ ಇರುವುದರಿಂದ ಬೆಳಗಿನ ಕೆಲಸ ಬೇಗ ಶುರು, ಬಸ್ಸು ಐದಕ್ಕೇ ಹೊರಡುತ್ತದೆ. ನಾಲ್ಕಕ್ಕೆ ನಾನು ಎದ್ದು, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ನಿಗೆ ಹಾಲು ಕಾಯಿಸುತ್ತೇನೆ. ಫಿಲ್ಟರು ಅಮ್ಮ ಕೊಟ್ಟಿದ್ದು, ಸ್ಟೀಲಿನದು, ದೊಡ್ಡದು. ಪುಡಿ ಚಿಕ್ಕಮಗಳೂರಿನದು, ಎಂಬತ್ತಕ್ಕೆ ಇಪ್ಪತ್ತು ಚಿಕೋರಿ. ರಜೆಗೆ ಹೋದವರು ಬರುವಾಗ ಎರಡು ಕಿಲೋ ತರಬೇಕು ಅನ್ನೋದು ರೂಮಿನ ಕಾನೂನು. ಹೊರಗೆಲ್ಲ ಕಡಕ್ ಚಹಾದ ರಾಜ್ಯ. ಈ ರೂಮಿನಲ್ಲಿ ಮಾತ್ರ ಕಾಫಿ. ಅಡುಗೆಮನೆಯ ನೆಲದ ಮೇಲೆ ಆರು ಲೋಟ ಇಟ್ಟುಕೊಂಡು ಇಪ್ಪತ್ತು ನಿಮಿಷ ಕೂರುತ್ತೇವೆ.

ಡಾಕ್ಟರ ಮಾತು ಕೇಳಿ ನಾನು ಫಿಲ್ಟರು ತೊಳೆದು ಕಪಾಟಿನ ಮೇಲಿಟ್ಟೆ. ಎದುರಿಗೆ ಪರಿಮಳ ಬಂದರೆ ತಡೆಯಲಾರೆ, ಅದಕ್ಕೆ ನನ್ನ ಪಾಲಿಗಷ್ಟೇ ಅಲ್ಲ, ಎಲ್ಲರ ಪಾಲಿಗೂ ನಿಲ್ಲಿಸಿದೆ. "ಎಂತ ಮಾರಾಯ್ರೆ, ನಿಮ್ಮ ಬಿ.ಪಿ.ಗೆ ನಮಗೂ ಪಥ್ಯವಾ?" ಅಂದರು ಪುತ್ತೂರಿನವರು. ಎಲ್ಲರೂ ನಕ್ಕರು, ಹಾಸಿಗೆಯಲ್ಲಿ ಅರ್ಧ ಗಂಟೆ ಜಾಸ್ತಿ ಮಲಗಿದರು, ಸೀದಾ ಬಸ್ಸಿಗೆ ಹೋದರು.

ಎರಡನೇ ದಿನ ತಲೆನೋವು ಶುರುವಾಯಿತು. ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆದ ಹಾಗೆ. ಇದಕ್ಕೆ ಕಾರಣವಾದ ವಸ್ತುವನ್ನು ಕಾಫಿ ಬೀಜದಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರುಂಗೆ ಅನ್ನುವ ರಸಾಯನಶಾಸ್ತ್ರಜ್ಞ, 1819ರಲ್ಲಿ. ಅವನಿಗೆ ಪರೀಕ್ಷೆಗೆ ಬೀಜ ಕೊಟ್ಟವನು ಕವಿ ಗಯಟೆ. ದಿನವೂ ಕೆಫೀನ್ ಕುಡಿದವರು ತಟ್ಟನೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ ಎರಡರಿಂದ ಒಂಬತ್ತು ದಿನ ಇರುತ್ತದೆ. ನನಗೆ ಐದು ದಿನ ಇತ್ತು. ಕೆಲಸ ಮುಗಿಸಿ ಬಂದು ಹಾಸಿಗೆಯ ಪರದೆ ಎಳೆದುಕೊಂಡು ಮಲಗಿದಾಗ ಒಂದು ಯೋಚನೆ ಬಂತು. ಕಾಫಿ ಬಿಡಿಸಲು ಹೊರಟವರಲ್ಲಿ ನಮ್ಮ ಡಾಕ್ಟರು ಮೊದಲನೆಯವರೇನಲ್ಲವಲ್ಲ. ಹಿಂದೆ ಯಾರ್ಯಾರು ಬಿಡಿಸಲು ನೋಡಿದರು, ಯಾಕೆ ನೋಡಿದರು, ಏನಾಯಿತು? ಓದಿದ್ದನ್ನೆಲ್ಲ ಕೆದಕುತ್ತಾ ಹೋದೆ. ಅದೇ ಈ ಲೇಖನ.

ಕಾಫಿ ಗಿಡದ ತವರು ಇಥಿಯೋಪಿಯಾದ ನೈರುತ್ಯದ ಕಾಡುಗಳು. ಕೆಂಪು ಹಣ್ಣು ತಿಂದು ಕುಣಿದ ಮೇಕೆಗಳ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ಆದರೆ ಅದು ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು 17ನೇ ಶತಮಾನದ ಯುರೋಪಿನಲ್ಲಿ. ಅಷ್ಟು ಹೊತ್ತಿಗೆ ಲೋಕ ಕಾಫಿ ಕುಡಿಯಲು ಶುರುಮಾಡಿ ಇನ್ನೂರು ವರ್ಷವಾಗಿತ್ತು. ಪಾನೀಯವಾಗಿ ಕಾಫಿಯ ಗಟ್ಟಿ ದಾಖಲೆ ಸಿಗುವುದು 15ನೇ ಶತಮಾನದ ಯೆಮೆನ್‌ನಲ್ಲಿ. ಅಲ್ಲಿನ ಸೂಫಿಗಳು ರಾತ್ರಿಯ ಜಪದಲ್ಲಿ ನಿದ್ದೆ ಬಾರದಿರಲೆಂದು ಒಟ್ಟಿಗೆ ಕೂತು ಕುಡಿಯುತ್ತಿದ್ದರು. ಅಂದರೆ ಹುಟ್ಟಿನಿಂದಲೇ ಇದು ಒಬ್ಬನೇ ಕುಡಿಯುವ ಪಾನೀಯವಾಗಿರಲಿಲ್ಲ. 'ಕಹ್ವಾ' ಅನ್ನುವ ಅರಬ್ಬಿ ಪದ ಮೊದಲು ದ್ರಾಕ್ಷಾರಸಕ್ಕೂ ಇದ್ದ ಹೆಸರು. ಈ ಹೆಸರೂ ಮುಂದೆ ಜಗಳಕ್ಕೆ ಒಂದು ಕಾರಣವಾಯಿತು.

ಜಗಳ ಶುರುವಾದದ್ದು ನಾವೀಗ ಇರುವ ಇದೇ ಅರೇಬಿಯಾದಲ್ಲಿ, 1511ರಲ್ಲಿ, ಮೆಕ್ಕಾದಲ್ಲಿ. ಆಗ ಮೆಕ್ಕಾ ಈಜಿಪ್ಟಿನ ಮಮ್ಲೂಕರ ಕೈಯಲ್ಲಿತ್ತು. ಪೇಟೆಯ ಶಿಸ್ತು ನೋಡಿಕೊಳ್ಳುತ್ತಿದ್ದ ಅಧಿಕಾರಿ ಖೈರ್ ಬೇಗ್. ಒಂದು ರಾತ್ರಿ ಮಸೀದಿಯ ಹತ್ತಿರ ಕೆಲವರು ದೀಪ ಇಟ್ಟುಕೊಂಡು ಗುಂಪಾಗಿ ಕೂತು ಏನೋ ಕುಡಿಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಅವನು ಬಂದದ್ದು ನೋಡಿ ಅವರು ದೀಪ ಆರಿಸಿದರು. ಮಾರನೇ ದಿನವೇ ಧರ್ಮಪಂಡಿತರ ಸಭೆ ಕರೆದ. ಕಾಫಿಯ ಒಂದು ಪಾತ್ರೆಯನ್ನೇ ಸಭೆಯ ಮುಂದೆ ಆರೋಪಿಯ ಹಾಗೆ ಇಟ್ಟ. ಇಬ್ಬರು ವೈದ್ಯರು ಇದು ದೇಹಕ್ಕೆ ಕೆಟ್ಟದ್ದು ಅಂತ ಸಾಕ್ಷಿ ಹೇಳಿದರು. ನಿಷೇಧವಾಯಿತು, ಬೀಜವನ್ನು ಬೀದಿಯಲ್ಲಿ ಸುಟ್ಟರು, ಮಾರಿದವರಿಗೆ ಪೆಟ್ಟು ಬಿತ್ತು. ವರದಿ ಕೈರೋಗೆ ಹೋಯಿತು. ಸುಲ್ತಾನ ಕಾನ್ಸುಹ್ ಅಲ್ ಘೂರಿಯಿಂದ ಬಂದ ಉತ್ತರ ಮಾತ್ರ ಖೈರ್ ಬೇಗ್ ಬಯಸಿದ ಹಾಗಿರಲಿಲ್ಲ. ಗುಂಪು ಕೂತು ಮಾಡುವ ಅತಿರೇಕ ತಡೆಯಿರಿ ಅಂತಿತ್ತೇ ಹೊರತು ಕಾಫಿಯನ್ನೇ ಪೂರ್ತಿ ನಿಷೇಧಿಸಿರಲಿಲ್ಲ. ಜನ ಮತ್ತೆ ಕುಡಿಯತೊಡಗಿದರು. ಇದನ್ನೆಲ್ಲ ಆ ಶತಮಾನದ ನಡುವಿನಲ್ಲಿ ಬರೆದಿಟ್ಟವನು ಅಲ್ ಜಝೀರಿ ಅನ್ನುವ ಪಂಡಿತ, ಕಾಫಿಯ ಪರವಾಗಿಯೇ ಪುಸ್ತಕ ಬರೆದವನು.

ಇಲ್ಲಿ ಒಂದು ಗಮನಿಸಿ. ವೈದ್ಯರ ಸಾಕ್ಷಿ ಬಂದದ್ದು ಆಮೇಲೆ. ಖೈರ್ ಬೇಗ್‌ನ ಕಣ್ಣು ಚುಚ್ಚಿದ್ದು ರಾತ್ರಿ ಹೊತ್ತು ಗುಂಪು ಕೂತ ಜನ.

ಮುಂದಿನ ಕಥೆಗಳಲ್ಲೂ ಇದೇ ಎಳೆ. 1550ರ ದಶಕದಲ್ಲಿ ಸಿರಿಯಾದ ಇಬ್ಬರು ಇಸ್ತಾಂಬುಲ್‌ನಲ್ಲಿ ಕಾಫಿ ಅಂಗಡಿ ತೆರೆದರು. ಓದುವವರು, ಚದುರಂಗ ಆಡುವವರು, ಕೆಲಸ ಕಳೆದುಕೊಂಡ ಅಧಿಕಾರಿಗಳು ಎಲ್ಲ ಅಲ್ಲೇ. 1633ರಲ್ಲಿ ಸುಲ್ತಾನ ನಾಲ್ಕನೇ ಮುರಾದ್ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಿಸಿದ, ಹೊಗೆಸೊಪ್ಪಿಗಂತೂ ಮರಣದಂಡನೆಯನ್ನೇ ಕೊಟ್ಟ. ಇಂಗ್ಲೆಂಡಿನಲ್ಲಿ ಎರಡನೇ ಚಾರ್ಲ್ಸ್ 1675ರ ಡಿಸೆಂಬರ್ 29ರಂದು ಕಾಫಿ ಮನೆಗಳನ್ನು ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ. ಅಲ್ಲಿ ಕೂತು ಜನ ಸರ್ಕಾರದ ಮೇಲೆ ಸುಳ್ಳುಸುದ್ದಿ ಹಬ್ಬಿಸುತ್ತಾರೆ ಅನ್ನೋದು ದೂರು. ಗಲಾಟೆ ಎಷ್ಟಾಯಿತೆಂದರೆ ಜನವರಿ 8ಕ್ಕೆ, ಅಂದರೆ ಆಜ್ಞೆ ಜಾರಿಗೆ ಬರುವ ಮೊದಲೇ, ರಾಜನೇ ಹಿಂದೆ ಸರಿದ. ಹತ್ತು ದಿನ! ನನ್ನ ಹನ್ನೊಂದು ದಿನಕ್ಕಿಂತಲೂ ಒಂದು ದಿನ ಕಮ್ಮಿ.

ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನದು ಬೇರೆ ಕಾರಣ: ದುಡ್ಡು. ಕಾಫಿಗಾಗಿ ದೇಶದ ಹಣ ಹೊರಗೆ ಹರಿಯುತ್ತದೆ, ಜನ ಬಿಯರನ್ನೇ ಕುಡಿಯಲಿ ಅಂತ 1777ರಲ್ಲಿ ಸಾರಿದ. 1781ರಲ್ಲಿ ಕಾಫಿ ಹುರಿಯುವುದೇ ಸರ್ಕಾರದ ಹಕ್ಕು ಅಂತ ಮಾಡಿದ. ಕದ್ದು ಹುರಿಯುವವರನ್ನು ಹಿಡಿಯಲು ನಿವೃತ್ತ ಸೈನಿಕರನ್ನು ನೇಮಿಸಿದ. ಇವರು ಬೀದಿ ಬೀದಿ ಮೂಗು ಅರಳಿಸಿಕೊಂಡು ತಿರುಗುತ್ತಿದ್ದರು, ಜನ ಇವರಿಗೆ 'ಕಾಫಿ ಮೂಸುವವರು' ಅಂತಲೇ ಹೆಸರಿಟ್ಟರು. ಕಾಫಿ ಸಿಗದ ಬಡವರು ಚಿಕೋರಿ ಬೇರು ಹುರಿದು ಕುಡಿದರು. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಚಿಕೋರಿ ಇನ್ನಷ್ಟು ಹಬ್ಬಿತು. ಬಡತನ ಕಲಿಸಿದ ಆ ಬೇರಿನ ರುಚಿ ನಮ್ಮ ಫಿಲ್ಟರ್ ಕಾಫಿಯಲ್ಲಿ ಈಗಲೂ ಇದೆ. ಅರ್ಧಕ್ಕಿಂತ ಜಾಸ್ತಿ ಕಾಫಿ ಇರಲೇಬೇಕು, ಶೇ. 51ರಷ್ಟು, ಅಂತ ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಪ್ಯಾಕೆಟಿನ ಹಿಂದೆ ನೋಡಿದರೆ ಕಾಣುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಹಜ್ ಯಾತ್ರೆಗೆ ಹೋದ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋದು ನಾವು ಅಜ್ಜಿಯ ಬಾಯಲ್ಲೇ ಕೇಳಿದ ಐತಿಹ್ಯ. ಕಾಲ 17ನೇ ಶತಮಾನ ಅನ್ನುತ್ತಾರೆ. ಗಿಡ ಬರುವ ಮೊದಲೇ ಪಾನೀಯ ಬಂದಿತ್ತು ಅನ್ನುವುದಕ್ಕೂ ಸಾಕ್ಷಿ ಇದೆ. ಜಹಾಂಗೀರನ ಕಾಲದಲ್ಲಿ ಇಂಗ್ಲಿಷ್ ರಾಯಭಾರಿಯ ಜೊತೆ ಬಂದಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ, ಮದ್ಯ ಮುಟ್ಟದ ಮುಸ್ಲಿಮರು ಇಲ್ಲಿ ಕಾಫಿ ಕುಡಿಯುವುದನ್ನು ಬರೆದಿದ್ದಾನೆ. ಇನ್ನೊಂದು ಹೆಮ್ಮೆಯ ವಿಷಯ: ಡಚ್ಚರು 1696ರಲ್ಲಿ, ಅದು ಪ್ರವಾಹಕ್ಕೆ ಹೋದಮೇಲೆ 1699ರಲ್ಲಿ ಮತ್ತೊಮ್ಮೆ, ಜಾವಾ ದ್ವೀಪಕ್ಕೆ ಕಾಫಿ ಸಸಿ ಒಯ್ದದ್ದು ನಮ್ಮ ಮಲಬಾರ್ ಕರಾವಳಿಯಿಂದ. ಜಾವಾದ ಗಿಡದ ಸಂತತಿ ಆಮ್‌ಸ್ಟರ್‌ಡ್ಯಾಮ್ ದಾಟಿ ಅಮೆರಿಕ ಖಂಡಕ್ಕೆ ಹೋಯಿತು.

ಆದರೆ ತೋಟದ ಇತಿಹಾಸ ಏಳು ಬೀಜದಷ್ಟು ಸಿಹಿಯಲ್ಲ. 1830ರ ಸುಮಾರಿಗೆ ಚಿಕ್ಕಮಗಳೂರಿನ ಹತ್ತಿರ ಕ್ಯಾನನ್ ಅನ್ನುವ ಇಂಗ್ಲಿಷ್‌ನವನು ತೋಟ ಹಾಕಿದ. ಆಮೇಲೆ ಮಂಜರಾಬಾದು, ಕೊಡಗು, ಎಲ್ಲ ಕಡೆ ಕಾಡು ಕಡಿದು ತೋಟ ಎದ್ದವು. ಕೆಲಸಕ್ಕೆ ಜನ ಬೇಕಲ್ಲ? ಕರಾವಳಿಯಿಂದ, ಬಯಲುಸೀಮೆಯಿಂದ, ತಮಿಳುನಾಡಿನ ಕಡೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ನಮ್ಮ ಪುತ್ತೂರಿನವರ ಅಜ್ಜನೂ ಹಾಗೆ 'ಘಟ್ಟಕ್ಕೆ ಹೋದವರೇ'. ಮುಂಗಡ ತೀರುವ ತನಕ ಬಿಡುವ ಹಾಗಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟು ಓಡಿದವನನ್ನು ಕೋರ್ಟಿಗೆ ಎಳೆದು ಜೈಲಿಗೂ ಕಳಿಸಲು ಬ್ರಿಟಿಷರ 1859ರ ಕಾಯಿದೆಯಲ್ಲಿ ಅವಕಾಶ ಇತ್ತು. ದಕ್ಷಿಣದ ತೋಟದ ದೊರೆಗಳು ಅದನ್ನು ಚೆನ್ನಾಗಿಯೇ ಬಳಸಿದರು. ಅದನ್ನು ರದ್ದು ಮಾಡಲು ತೀರ್ಮಾನವಾದದ್ದು 1925ರಲ್ಲಿ. ಸ್ವಾತಂತ್ರ್ಯ ಬಂದಮೇಲೆ, 1951ರಲ್ಲಿ, ತೋಟ ಕಾರ್ಮಿಕರ ಕಾಯಿದೆ ಬಂದು ಮನೆ, ನೀರು, ಆಸ್ಪತ್ರೆ, ಕೂಸುಮನೆ ಇವೆಲ್ಲ ಯಜಮಾನರ ಹೊಣೆ ಅಂತಾಯಿತು.

ಅಮ್ಮ ಹುಟ್ಟಿದ್ದು ಅಂಥದ್ದೇ ಒಂದು ಲೈನಿನಲ್ಲಿ. ಅವಳು ಕೊಯ್ದ ಹಣ್ಣು ಪಲ್ಪರಿಗೆ ಹೋಗಿ, ಕಣದಲ್ಲಿ ಒಣಗಿ, ಪಾರ್ಚ್‌ಮೆಂಟ್ ಆಗಿ, ಮಂಗಳೂರಿನ ಬಂದರು ದಾಟಿ ಹೋಗುತ್ತಿತ್ತು. ಲೈನಿನಲ್ಲಿ ಕುಡಿಯುತ್ತಿದ್ದದ್ದು ಒಡಕು ಬೀಜ, ಜೊಳ್ಳು ಬೀಜ ಹುರಿದು ಕುಟ್ಟಿದ ಪುಡಿ, ಬೆಲ್ಲ ಹಾಕಿ ಕುದಿಸಿದ ಕರಿ ಕಾಫಿ. ಹಾಲು ಹಬ್ಬಕ್ಕೆ. "ಒಳ್ಳೇ ಬೀಜ ಎಲ್ಲ ಪರದೇಶಕ್ಕೆ ಹೋಗ್ತಿತ್ತು ಕಣೋ" ಅಂತ ಅಮ್ಮ ಹೇಳುತ್ತಿದ್ದಳು. ಕೊನೆಗೆ ಅದರ ಹಿಂದೆಯೇ ನಾನೂ ಹೋದೆ.

ಊರಿನವರಿಗೆ ಕಾಫಿ ಕುಡಿಸುವ ಪ್ರಯತ್ನ ಜೋರಾದದ್ದು ಬೀಜ ಹೊರಗೆ ಮಾರಾಟವಾಗದೆ ಉಳಿದಾಗ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ಬಿದ್ದು, 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂತು. ಆ ಹಣದಲ್ಲಿ ಪ್ರಚಾರ ಮಾಡಿದರು, ಇಂಡಿಯಾ ಕಾಫಿ ಹೌಸುಗಳನ್ನು ತೆರೆದರು. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಬಂತು, 1942ರ ಕಾಫಿ ಕಾಯಿದೆಯಲ್ಲಿ ಅದು ಗಟ್ಟಿಯಾಯಿತು. 1990ರ ದಶಕದ ತನಕ ಬೆಳೆಗಾರರು ಬೋರ್ಡಿಗೆ ಬೀಜ ಕೊಟ್ಟು ಕಂತಿನಲ್ಲಿ ಹಣ ಕಾಯುತ್ತಿದ್ದರು. ತಮಾಷೆಯೆಂದರೆ ಅದೇ 1942ರಲ್ಲಿ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದ ಗಾಂಧೀಜಿ ಆರೋಗ್ಯದ ಮೇಲೆ ಪುಸ್ತಕ ಬರೆಯುತ್ತಾ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲ ಅಂದರು. ಸರ್ಕಾರ ಕುಡಿಯಿರಿ ಅಂತಿತ್ತು, ಮಹಾತ್ಮರು ಬಿಡಿ ಅಂತಿದ್ದರು. ಜನ ಇಬ್ಬರಿಗೂ ನಮಸ್ಕಾರ ಹೇಳಿ ಲೋಟ ಎತ್ತಿದರು.

ಆಮೇಲೆ 1950ರ ದಶಕದಲ್ಲಿ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಬೀದಿಗೆ ಬಿದ್ದ ನೌಕರರು ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ನಮ್ಮ ಬೆಂಗಳೂರಿನಲ್ಲಿ. ಕಾಫಿ ತಂದುಕೊಡುವ ಮಾಣಿಯೇ ಹೋಟೆಲಿನ ಪಾಲುದಾರ! ಕಾಫಿಯ ಐನೂರು ವರ್ಷದ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಇದು.

ಇಷ್ಟೆಲ್ಲ ಓದಿ, ಅರಸರು ಹೆದರಿದ್ದು ಕಾಫಿಗಲ್ಲ, ಕಾಫಿ ಸುತ್ತ ಕೂತ ಜನಕ್ಕೆ ಅಂತ ನೋಟುಬುಕ್ಕಿನಲ್ಲಿ ಬರೆದುಕೊಂಡು, ಜಾಣನಾದೆ ಅಂದುಕೊಂಡು ಮಲಗಿದೆ. ಅದು ಹತ್ತನೇ ದಿನ. ನನ್ನ ಮೇಲಿನ ಬಂಕಿನಲ್ಲಿ ಏನು ನಡೆದಿದೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಹನ್ನೊಂದನೇ ದಿನ ಸಂಜೆ ಪುತ್ತೂರಿನವರು ಸ್ಟೋರಿಗೆ ಬಂದು, "ನಿಮ್ಮ ಮೇಲಿನ ಹುಡುಗನ ವಿಷಯ ಗೊತ್ತುಂಟಾ?" ಅಂದರು. ರಾಯಚೂರಿನ ಹುಡುಗನ ಅಪ್ಪನಿಗೆ ಲಕ್ವಾ ಹೊಡೆದು ಆಸ್ಪತ್ರೆ ಸೇರಿ ಎಂಟು ದಿನವಾಗಿತ್ತು. ಇಲ್ಲಿಗೆ ಬರಲು ಏಜೆಂಟನಿಗೆ ಕೊಟ್ಟ ಸಾಲವೇ ಇನ್ನೂ ತೀರಿರಲಿಲ್ಲ. ಹುಡುಗ ಕ್ಯಾಂಪಿನಲ್ಲಿ ಬಡ್ಡಿಗೆ ಕೊಡುವವನೊಬ್ಬನ ಹತ್ತಿರ ಹಣ ತಗೊಂಡು, ತನ್ನ ಸಂಬಳದ ಎ.ಟಿ.ಎಂ. ಕಾರ್ಡು, ಪಿನ್ ನಂಬರು ಎರಡನ್ನೂ ಅವನ ಕೈಗೆ ಕೊಟ್ಟಿದ್ದ. ಅಂದರೆ ಸಂಬಳ ಬಂದ ದಿನ ಹಣ ಸೀದಾ ಅವನಿಗೆ. ಮತ್ತೆ ಊಟಕ್ಕೆ, ಮನೆಗೆ ಅಂತ ಅವನ ಹತ್ತಿರವೇ ಸಾಲ. ಈ ಬಾವಿಗೆ ಬಿದ್ದವರನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಮೇಸ್ತ್ರಿಯ ಮುಂಗಡದ ಬಗ್ಗೆ ಹಿಂದಿನ ರಾತ್ರಿಯಷ್ಟೇ ಓದಿದ್ದೆ.

ರಾತ್ರಿ ಹುಡುಗನನ್ನು ಕೂರಿಸಿಕೊಂಡು, "ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂತ ಕೇಳಿದೆ.

ತಲೆ ತಗ್ಗಿಸಿ ಹೇಳಿದ: "ಹೇಳಬೇಕಂತ ಎರಡು ದಿನ ನಾಲ್ಕಕ್ಕ ಎದ್ದು ಕುಂತೆ ಅಣ್ಣಾರ. ಅಡುಗಿಮನ್ಯಾಗ ಯಾರೂ ಇರಲಿಲ್ಲ. ನೀವು ತಲಿನೋವು ಅಂತ ಪರದೆ ಎಳಕೊಂಡಿದ್ರಿ. ಎಬ್ಬಿಸಾಕ ಮನಸ್ಸಾಗಲಿಲ್ರಿ."

ನನಗೆ ಮಾತು ಹೊರಡಲಿಲ್ಲ. ಹಾಸನದವನ ಹೆಂಡತಿಯ ಹೆರಿಗೆ, ವಿಜಯಪುರದವರ ಹೊಲದ ತಕರಾರು, ಪುತ್ತೂರಿನವರ ಮಗಳ ಕಾಲೇಜು, ಎಲ್ಲ ನಾವು ಮಾತಾಡಿ ಬಗೆಹರಿಸಿದ್ದು ಆ ಇಪ್ಪತ್ತು ನಿಮಿಷದಲ್ಲೇ. ದಿನದ ಬಾಕಿ ಹೊತ್ತಿನಲ್ಲಿ ನಾವು ಕೆಲಸದವರು, ಇಲ್ಲವೇ ದಣಿದವರು. ಖೈರ್ ಬೇಗ್ ಮೆಕ್ಕಾದಲ್ಲಿ ಮಾಡಲಾಗದ್ದನ್ನು ನಾನು ನನ್ನ ರೂಮಿನಲ್ಲಿ ಮಾಡಿ ಮುಗಿಸಿದ್ದೆ. ಡಾಕ್ಟರು ನಿಲ್ಲಿಸಿ ಅಂದದ್ದು ನನ್ನ ಕಾಫಿಯನ್ನು. ಕೂರುವುದನ್ನು ನಿಲ್ಲಿಸಿ ಅಂತ ಅವರು ಹೇಳಿರಲಿಲ್ಲ. ತಪ್ಪು ಡಾಕ್ಟರದ್ದೂ ಅಲ್ಲ, ಕಾಫಿಯದ್ದೂ ಅಲ್ಲ, ನನ್ನದು.

ಅವತ್ತು ರಾತ್ರಿಯೇ ಕಪಾಟಿನ ಮೇಲಿಂದ ಫಿಲ್ಟರು ಇಳಿಸಿ ಆರು ಚಮಚ ಪುಡಿ ಹಾಕಿದೆ. ಹನ್ನೆರಡನೇ ದಿನ ನಾಲ್ಕಕ್ಕೆ ಐದು ಲೋಟ ಕಾಫಿ, ಒಂದು ಲೋಟ ಜೀರಿಗೆ ನೀರು. ಜೀರಿಗೆ ನೀರು ನನ್ನದು, ಎರಡು ವಾರದ ಮಾತು ಮಾತೇ. ಪರಿಮಳ ಬಂದಾಗ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ತಡೆಯಲಾರೆ ಅಂದುಕೊಂಡಿದ್ದೆನಲ್ಲ, ತಡೆದೆ. ಅವತ್ತೇ ಆರೂ ಜನ ಕೂತು ಲೆಕ್ಕ ಹಾಕಿದೆವು. ಯಾರು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಸಂಬಳದ ದಿನಕ್ಕೆ ಮೊದಲೇ ಬಡ್ಡಿಯವನ ಹಣ ಚುಕ್ತಾ ಮಾಡಿ ಕಾರ್ಡು ವಾಪಸು ತಂದು, ಹುಡುಗನ ಕೈಲೇ ಪಿನ್ ಬದಲಾಯಿಸಿದೆವು. ಅವನ ಅಪ್ಪ ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರಂತೆ. ಹುಡುಗ ತಿಂಗಳು ತಿಂಗಳು ರೂಮಿಗೆ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದಾನೆ, ಬಡ್ಡಿ ಇಲ್ಲ.

ಹದಿನಾಲ್ಕು ದಿನ ಆದಮೇಲೆ ಡಾಕ್ಟರ ಹತ್ತಿರ ಹೋದೆ. ಬಿ.ಪಿ. ಸ್ವಲ್ಪ ಇಳಿದಿತ್ತು. ಉಪ್ಪಿನಕಾಯಿಯನ್ನೂ ಬಿಟ್ಟಿದ್ದೆ, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು, ಆದ್ದರಿಂದ ಪುಣ್ಯ ಯಾರಿಗೆ ಸೇರಬೇಕೋ ಹೇಳಲಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ತೊಂದರೆಯಿಲ್ಲ ಅಂದಿದೆ. ನಾನು ಆರೋಗ್ಯವಂತರ ಪಟ್ಟಿಯಲ್ಲಿ ಇಲ್ಲವಲ್ಲ, ಅದಕ್ಕೆ ಡಾಕ್ಟರನ್ನೇ ಕೇಳಿದೆ. "ಬೆಳಿಗ್ಗೆ ಒಂದು. ಅಷ್ಟೇ. ಮಾತ್ರೆ ತಪ್ಪಿಸಬೇಡಿ" ಅಂದರು. ನಿಮ್ಮಲ್ಲಿ ಯಾರಿಗಾದರೂ ಇದೇ ತೊಂದರೆ ಇದ್ದರೆ ನನ್ನ ಲೇಖನ ನೋಡಿ ನಿರ್ಧಾರ ಮಾಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ಬಿಡುವುದಾದರೆ ದಿನಕ್ಕೆ ಅರ್ಧ ಅರ್ಧ ಲೋಟ ಕಮ್ಮಿ ಮಾಡುತ್ತಾ ಬಿಡಿ, ತಲೆನೋವು ಅಷ್ಟು ಕಾಡುವುದಿಲ್ಲ.

ಅರಬ್ಬರ ಕಾಫಿ ಉಪಚಾರವನ್ನು ಯುನೆಸ್ಕೋ 2015ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು, ಎಮಿರೇಟ್ಸ್, ಸೌದಿ, ಒಮಾನ್, ಕತಾರ್ ನಾಲ್ಕೂ ದೇಶಗಳ ಹೆಸರಿನಲ್ಲಿ. ಅದರಲ್ಲಿ ಒಂದು ಪದ್ಧತಿ ಇದೆ. ಕೈಯಲ್ಲಿರುವ ಪುಟ್ಟ ಫಿಂಜಾನ್ ಬಟ್ಟಲನ್ನು ಅಲ್ಲಾಡಿಸದೆ ಚಾಚಿದರೆ ಅವರು ಹಾಕುತ್ತಲೇ ಇರುತ್ತಾರೆ. ಸಾಕು ಅಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು. ಈಗ ಹನ್ನೊಂದು ಗಂಟೆಗೆ ಸ್ಟೋರಿನ ಹುಡುಗ ಫ್ಲಾಸ್ಕು ಹಿಡಿದು ಬಂದರೆ ನಾನು ಖಾಲಿ ಲೋಟ ಅಲ್ಲಾಡಿಸುತ್ತೇನೆ. ಅವನು ನಕ್ಕು ಮುಂದೆ ಹೋಗುತ್ತಾನೆ. ನಾಲ್ಕು ಗಂಟೆಯ ಲೋಟವನ್ನು ಮಾತ್ರ ಅಲ್ಲಾಡಿಸುವುದಿಲ್ಲ.

ಮುಂದಿನ ತಿಂಗಳು ವಿಜಯಪುರದವರು ರಜೆಗೆ ಹೋಗುತ್ತಿದ್ದಾರೆ. ಪುಡಿ ಮುಗಿಯುತ್ತಾ ಬಂದಿದೆ, ಎರಡು ಕಿಲೋ ಅಂತ ಆಗಲೇ ನೆನಪಿಸಿದ್ದೇನೆ.